ದೊಡ್ಡವ್ವನ ಹೋತದ ಹರಾಜು

ನಮ್ಮ ದೊಡ್ಡವ್ವನ ಮನೆಗೆ ಹೋದರೆ ಯಾವ ವಸ್ತುವನ್ನೂ ಹೊಗಳಬೇಡಿ. ಹೊಗಳಿದಿರೋ, ಹೊತ್ತುಕೊಂಡೇ ಹೋಗಬೇಕಾಗುತ್ತದೆ! ಪ್ರಾರ್ಥನೆಗೆಂದು ಬಂದ ನಮ್ಮ ಚರ್ಚಿನ ಅಯ್ಯನವರು, ಪಾಪ, "ಕುರ್ಚಿ ಚೆನ್ನಾಗಿದೆಯಮ್ಮ" ಅಂದರು, ಅಷ್ಟೇ. ಕಿರುಗಾವಲಿನ ಬಸ್ಸಿನಲ್ಲಿ ಕುರ್ಚಿಗೂ ಟಿಕೆಟು ತೆಗೆಯಬೇಕಾಯಿತು. ಅಂದಿನಿಂದ ನಮ್ಮದು ಚಾಪೆ.

ನಾನು ನಮ್ಮ ವಂಶದ ಮೊದಲ ಪದವೀಧರೆ. ಜಂಬವೇ? ಇದೆ! ಅವ್ವ ತೀರಿಕೊಂಡ ಮೇಲೆ ಕೂಲಿ ಮಾಡಿ ನನ್ನನ್ನು ಓದಿಸಿದವಳು ಈ ದೊಡ್ಡವ್ವನೇ. ಆದರೆ ಆ ಪದವಿ ಒಂದು ಹೋತದ ಕೊರಳಿನಲ್ಲಿ ನೇತಾಡಿದ್ದೂ ಅವಳಿಂದಲೇ!

ಕೊನೆಯ ವರ್ಷದ ಪರೀಕ್ಷೆಯ ಫೀಜು ಕಟ್ಟಲು ಸೋಮವಾರವೇ ಕಡೇ ದಿನ. ಮನೆಯಲ್ಲಿ ಮಾರುವಂಥದ್ದು ಅಂತ ಇದ್ದದ್ದು ಒಂದು ಹೋತ. ಅಂದು ಬೆಳಿಗ್ಗೆಯೇ ಅದನ್ನು ಕೊಳ್ಳಲು ಮಳವಳ್ಳಿಯ ವ್ಯಾಪಾರಿ ಬರುವವನಿದ್ದ. ಅದರ ಹಿಂದಿನ ದಿನ, ಭಾನುವಾರ, ಚರ್ಚಿನಲ್ಲಿ ಸುಗ್ಗಿ ಹಬ್ಬ. ಬೆಳೆದದ್ದನ್ನು ದೇವರಿಗೆ ಒಪ್ಪಿಸಿ, ಆರಾಧನೆ ಮುಗಿದ ಮೇಲೆ ಹರಾಜು; ಬಂದ ದುಡ್ಡು ಚರ್ಚಿಗೆ. ಅಲ್ಲಿ ಒಂದು ಬದನೆಕಾಯಿಗೂ ನೂರು ರೂಪಾಯಿ ಕೂಗುವ ಜನ ನಾವು! ದೊಡ್ಡವ್ವ ಕುಂಬಳಕಾಯಿ ತರುತ್ತಾಳೆ ಅಂದುಕೊಂಡಿದ್ದೆ. ಹೋತ ಹಿಡಿದುಕೊಂಡು ಬಂದಳು!

"ದೊಡ್ಡವ್ವ, ನಾಳಿಕ್ಕೆ ನನ್ ಫೀಜು!" ಚರ್ಚಿನ ಬಾಗಿಲಲ್ಲೇ ಕಿರುಚಿದೆ. ಒಳಗಿದ್ದವರಿಗೆಲ್ಲ ಕೇಳಿಸಿತು.

"ನಿಂದು ನಾಳಿಕ್ಕೆ ಕಣಮ್ಮಿ, ದೇವ್ರುದು ಇವತ್ತು."

"ಇರಾದು ಒಂದೇ ಓತ!"

"ದೇವ್ರೂ ಒಬ್ನೇ. ಸುಮ್ಕೆ ನಡಿ."

ಹರಾಜು ಶುರುವಾಯಿತು. ಸಭೆಯ ಹಿರಿಯರೊಬ್ಬರು ಹೋತವನ್ನು ಮುಂದೆ ನಿಲ್ಲಿಸಿ ಬೆಲೆ ಕೇಳಿದರು. ಹಿಂದಿನ ಬೆಂಚಿನಿಂದ ಸಣ್ಣದೊಂದು ದನಿ: "ಐನೂರು." ಆಮೇಲೆ ಯಾರೂ ತುಟಿ ಬಿಚ್ಚಲಿಲ್ಲ.

"ಐನೂರಾ? ಅದ್ರ ಗಡ್ಡಕ್ಕೂ ಸಾಲಕ್ಕಿಲ್ವಲ್ರೋ!" ದೊಡ್ಡವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳು. "ಸಾವ್ರ!"

ಸದ್ದಿಲ್ಲ.

"ಯಾಕ್ರಲಾ, ಬಾಯ್ಗೆ ಬೀಗ ಜಡ್ಕಂಡಿದ್ದೀರಾ? ಎಲ್ಡ್ ಸಾವ್ರ! ಐದ್ ಸಾವ್ರ!" ತನ್ನ ಹೋತಕ್ಕೆ ತಾನೇ, ತನ್ನ ಕೂಗಿನ ಮೇಲೆ ತಾನೇ!

ಹಿರಿಯರು ತಡಮಾಡದೆ ಗಂಟೆ ಹೊಡೆದುಬಿಟ್ಟರು. "ಒಂದ್ಸಲ, ಎರಡ್ಸಲ, ಮೂರ್ಸಲ! ಓತ ನಿಂದೇ ಕಣವ್ವ."

"ಅಯ್ಯೋ, ನನ್ತಾವ ದುಡ್ಡೆಲ್ಲದೆ?"

"ಮುಂದಿನ್ ಸುಗ್ಗಿಗೆ ಕೊಡು. ದೇವ್ರೇನ್ ಊರ್ ಬುಟ್ಟು ಓಯ್ತಾನಾ?"

ಚರ್ಚಿಗೆ ಚರ್ಚೇ ನಕ್ಕಿತು. ಈ ಜನಕ್ಕೆ ಕೊಡೋ ಬುದ್ಧಿಯೇ ಸತ್ತುಹೋಗಿದೆ ಎಂದು ದೊಡ್ಡವ್ವ ದಾರಿಯುದ್ದಕ್ಕೂ ಬಯ್ದಳು. ನಾಲೆಯ ಏರಿಯ ಮೇಲೆ ಥಟ್ಟನೆ ನಿಂತಳು.

"ಅಮ್ಮಿ, ಅವ್ರೆಲ್ಲ ಬೇಕಂತ್ಲೇ ಸುಮ್ಕಿದ್ರಾ?"

ಹೌದೆಂದು ತಲೆಯಾಡಿಸಿದೆ. ಕೊಟ್ಟೇ ಗೊತ್ತಿದ್ದ ಆ ಕೈಗಳಿಗೆ ತೆಗೆದುಕೊಳ್ಳುವುದು ಹೇಗೆಂದು ತಿಳಿಯಲಿಲ್ಲ. ಸೆರಗಿಗೆ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು. ಕಡೆಗೆ ಹಗ್ಗವನ್ನು ನನಗೆ ಕೊಟ್ಟು, ಚರ್ಚಿನ ಕಡೆ ತಿರುಗಿ ಕೈಮುಗಿದಳು.

"ಭದ್ರವಾಗಿ ಇಡ್ಕಳಮ್ಮಿ," ಎಂದಳು, ಮುಖ ತೋರಿಸದೆ. "ನಿನ್ ಫೀಜು ತಪ್ಪುಸ್ಕಂಡು ಓದಾತು."