ಹಳದಿ ದೀಪವೂ ನಿಂಗಪ್ಪನ ಹೆಸರೂ

ಎಂಜಿನ್ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದು ಅರವತ್ತೊಂದು ವರ್ಷ ನಂಬಿಕೊಂಡಿದ್ದೆ. ಕಾರಣವೂ ಇತ್ತು. ಹುಬ್ಬಳ್ಳಿಯ ಕಮರಿಪೇಟೆಯಲ್ಲಿ ಮೂವತ್ತು ವರ್ಷ ಹಿಟ್ಟಿನ ಗಿರಣಿ ನಡೆಸಿದವನು ನಾನು. ಗಿರಣಿಯ ಡೀಸೆಲ್ ಎಂಜಿನ್ ಕೆಮ್ಮಿದರೆ ಯಾಕೆ ಕೆಮ್ಮಿತು ಎಂದು ಜೋಳದ ಚೀಲದ ಮೇಲೆ ಕೂತಲ್ಲಿಂದಲೇ ಹೇಳುತ್ತಿದ್ದೆ. ಹತ್ತರಲ್ಲಿ ಎಂಟು ಸಲ ತಪ್ಪಾಗುತ್ತಿತ್ತು. ಆ ಎಂಟನ್ನೂ ಗಬ್ಬೂರಿನ ನಿಂಗಪ್ಪ ಮಿಸ್ತ್ರಿ ಬಂದು ಸರಿ ಮಾಡಿ, ನನ್ನ ಹೆಂಡತಿ ಗಿರಿಜಾಳ ಕಿವಿಗೆ ಹಾಕದೆ ಹೋಗುತ್ತಿದ್ದ. ಇಂಥ ಉಪಕಾರಿಯ ಹೆಸರನ್ನು ನಾನು ಕೈಯಾರೆ ಕೆಡಿಸಿದೆ. ವಯಸ್ಸಾಯಿತು, ಹೇಳಿಬಿಡುತ್ತೇನೆ.

ಗಿರಣಿ ಮಾರಿ ನವನಗರಕ್ಕೆ ಬಂದ ಮೇಲೆ ಒಂದು ಹಳೆಯ ಪೆಟ್ರೋಲ್ ಕಾರು ಕೊಂಡೆ. ಹಳೆಯದೆಂದರೂ ಹೊಸ ಕಾಲದ್ದು. ಒಳಗೆ ಕಂಪ್ಯೂಟರ್ ಇದೆಯೆಂದು ಮಾರಿದವರು ಹೇಳಿದ್ದರು. ಆರು ತಿಂಗಳಿಗೆ ಸ್ಟಿಯರಿಂಗಿನ ಹಿಂದೆ ಎಂಜಿನ್ ಆಕಾರದ ಹಳದಿ ದೀಪವೊಂದು ಹೊತ್ತಿಕೊಂಡಿತು. ಹೊತ್ತಿದ್ದು ಆರಲಿಲ್ಲ. ಕಣ್ಣಿಗೆ ಕಿರಿಕಿರಿಯಾಗುತ್ತದೆಂದು ಗಿರಿಜಾ ಹಣೆಗೆ ಹಚ್ಚುವ ಟಿಕಳಿಯೊಂದನ್ನು ತಂದು ದೀಪದ ಮೇಲೆ ಅಂಟಿಸಿದೆ. ದೋಷ ನಿವಾರಣೆಯಾಯಿತು.

ಆದರೆ ಕಾರು ಪೆಟ್ರೋಲನ್ನು ಮದುವೆ ಊಟದ ಬೀಗರಂತೆ ಬಡಿಯತೊಡಗಿತು. ಹಿಂದಿನಿಂದ ಕಪ್ಪು ಹೊಗೆ. ಕೊನೆಗೆ ಗಬ್ಬೂರಿಗೆ ಒಯ್ದೆ. ನಿಂಗಪ್ಪ ಟಿಕಳಿ ಕಿತ್ತು ನನ್ನ ಕೈಗೆ ಕೊಟ್ಟ. ಚಿಕ್ಕ ಯಂತ್ರವೊಂದನ್ನು ಕಾರಿಗೆ ಜೋಡಿಸಿ ನೋಡಿ ಹೇಳಿದ:

“ಆಕ್ಸಿಜನ್ ಸೆನ್ಸರ್ ಹೋಗೇತ್ರಿ ಕಾಕಾ. ಸೈಲೆನ್ಸರ್ ಪೈಪಿನ್ಯಾಗ ಕುಂತು ಹೊಗಿ ಮೂಸಿ, ಪೆಟ್ರೋಲ್ ಎಷ್ಟು ಬೇಕಂತ ಕಂಪ್ಯೂಟರಿಗೆ ಹೇಳೋ ಮೂಗದು. ಈಗ ನೆಗಡಿ ಆಗೇತಿ ಅಂತ ತಿಳೀರಿ. ಎರಡು ದಿನ ಗಾಡಿ ಬಿಡ್ರಿ, ಹೊಸಾದು ಹಾಕಿ ಕೊಡ್ತೇನಿ.”

ನೋಡಿದರೆ ಅದು ಸ್ಪಾರ್ಕ್ ಪ್ಲಗ್ಗಿಗೆ ಬಾಲ ಬಂದಂತಿತ್ತು. ಇಷ್ಟು ಮಾತ್ರದ ಕೆಲಸಕ್ಕೆ ಎರಡು ದಿನವೇ? ನಾನೇ ಹಾಕಿಕೊಳ್ಳುತ್ತೇನೆಂದೆ. ನಿಂಗಪ್ಪ ಎರಡು ಸಲ ಬೇಡವೆಂದ. ಮೂರನೆಯ ಸಲ ಅನ್ನಲು ನಾನು ಬಿಡಲಿಲ್ಲ.

ಹುಬ್ಬಳ್ಳಿಯ ಅಂಗಡಿಯಿಂದ ಹೊಸ ಸೆನ್ಸರ್ ತಂದು, ಅಂಗಳದಲ್ಲಿ ಗೋಣಿಚೀಲ ಹಾಸಿ, ಕಾರಿನ ಕೆಳಗೆ ನುಸುಳಿದೆ. ಆಗತಾನೆ ಓಡಿಸಿ ತಂದ ಗಾಡಿಯ ಪೈಪು ಕಾದಿರುತ್ತದೆಂಬ ಸತ್ಯ ಮೊಳಕೈಗೆ ಮೊದಲು ತಿಳಿಯಿತು, ತಲೆಗೆ ಆಮೇಲೆ. ಗಿರಿಜಾ ತುಪ್ಪ ಸವರಿ ಹೋದಳು. ಪೈಪು ಆರಿದ ಮೇಲೆ ನಟ್ಟು ತಿರುಗಿಸುವ ಪಾನ ಹಾಕಿದರೆ ಹಳೆಯ ಸೆನ್ಸರ್ ಅಲುಗಲಿಲ್ಲ. ಗಿರಣಿ ಕಾಲದ ರಿಂಗ್ ಪಾನ ತಂದೆ. ವೈರು ಅಡ್ಡ ಬಂತು. ವೈರನ್ನೇ ಕತ್ತರಿಸಿದೆ. ಪಾನಕ್ಕೆ ನೀರಿನ ಪೈಪಿನ ತುಂಡೊಂದು ತೂರಿಸಿ ಜಗ್ಗಿದೆ. ಸೆನ್ಸರ್ ಬಿಟ್ಟಿತು, ಜೊತೆಗೆ ನನ್ನ ಸೊಂಟವೂ.

ಈಗ ಹೊಸದನ್ನು ಹಾಕಬೇಕು. ಪೂಜೆಯಿಲ್ಲದೆ ಹೊಸ ಸಾಮಾನು ಬಳಸುವುದು ನಮ್ಮ ಮನೆತನದಲ್ಲಿಲ್ಲ. ಅದರಲ್ಲೂ ಮರುದಿನವೇ ಖಂಡೇ ಪೂಜೆ, ಆಯುಧಗಳ ಹಬ್ಬ. ಕುಡಗೋಲು, ಕೊಡಲಿ, ಗಿರಣಿಯ ಪಾನಗಳೆಲ್ಲ ತೊಳೆಸಿಕೊಂಡು ಜಗುಲಿಯ ಮೇಲೆ ಸಾಲಾಗಿ ಕೂತವು. ಅವುಗಳ ನಡುವೆ ಮದುಮಗನಂತೆ ಸೆನ್ಸರ್ ಕೂತಿತು.

ಡಬ್ಬಿಯಲ್ಲಿ ಒಂದು ಚೀಟಿಯಿತ್ತು. ಸೆನ್ಸರಿನ ತುದಿಯನ್ನು ಮುಟ್ಟುವ ಬೆರಳಿನ ಚಿತ್ರ, ಅದರ ಮೇಲೆ ಕೆಂಪು ಗೀಟು. ಗಿರಿಜಾ ತೋರಿಸಿದಳು.

“ಮುಟ್ಟಬಾರ್ದು ಅಂತ ಐತ್ರಿ.”

“ಅದು ಹಂಗ ಮುಟ್ಟೋ ಮಂದಿಗೆ. ನಾ ಸ್ನಾನಾ ಮಾಡೇನಿ.”

ವಿಭೂತಿಯನ್ನು ನೀರಿನಲ್ಲಿ ಕಲಸಿ, ಮೂರು ಬೆರಳಿನಿಂದ ಸೆನ್ಸರಿನ ತುದಿಗೆ ಮೂರೆಳೆ ಎಳೆದೆ. ತುದಿಯಲ್ಲಿ ಸಣ್ಣ ಸಣ್ಣ ತೂತುಗಳಿದ್ದವು. ವಿಭೂತಿ ಚೆನ್ನಾಗಿ ಹಿಡಿಯಲೆಂದೇ ಇಟ್ಟಿದ್ದಾರೆಂದು ಭಾವಿಸಿದೆ. ನಡುವೆ ಕುಂಕುಮ. ಸರಾಗವಾಗಿ ಒಳಗೆ ಹೋಗಲೆಂದು ನಾಲ್ಕು ಹನಿ ಕೊಬ್ಬರಿ ಎಣ್ಣೆ. ಆರತಿ ಮುಗಿಸಿ ಪೈಪಿಗೆ ತಿರುವಿ, ಕತ್ತರಿಸಿದ ವೈರಿಗೆ ಅದರ ವೈರು ಹೆಣೆದು, ಕಾರು ಚಾಲೂ ಮಾಡಿದೆ.

ಹಳದಿ ದೀಪ ಮೊದಲಿನಂತೆಯೇ ನಕ್ಕಿತು. ಹೊಗೆಯೂ ಮೊದಲಿನದೇ. ಬದಲಾದದ್ದೆಂದರೆ ಹೊಗೆಗೆ ಈಗ ಕೊಬ್ಬರಿ ಎಣ್ಣೆಯ ವಾಸನೆಯಿತ್ತು.

ಇಲ್ಲಿಯವರೆಗಿನದು ದಡ್ಡತನ. ಮುಂದಿನದು ಪಾಪ.

ಪೂಜೆ ಮಾಡಿ ಹಾಕಿದ ಹೊಸ ಸಾಮಾನು ಕೆಟ್ಟಿರಲು ಸಾಧ್ಯವಿಲ್ಲ. ನನ್ನ ಕೈಗುಣವಂತೂ ಕೆಟ್ಟಿರಲು ಸಾಧ್ಯವೇ ಇಲ್ಲ. ಅಂದ ಮೇಲೆ ನಿಂಗಪ್ಪ ಹೇಳಿದ ರೋಗವೇ ಸುಳ್ಳು. ಸಂಜೆಯ ವಾಕಿಂಗಿನಲ್ಲಿ ಪಾಟೀಲ ಮಾಸ್ತರರಿಗೆ ಹೇಳಿದೆ. ನಿವೃತ್ತ ಮಾಸ್ತರರಾದ್ದರಿಂದ ಅವರು ಅದನ್ನು ಎಲ್ಲರಿಗೂ ಪಾಠ ಮಾಡಿದರು. ಮಾಸ್ತರರದೂ ಸೇರಿ ನವನಗರದ ಆರು ಕಾರುಗಳು ನನ್ನ ಶಿಫಾರಸಿನಿಂದಲೇ ನಿಂಗಪ್ಪನ ಕಡೆ ಹೋಗುತ್ತಿದ್ದವು. ಅವನ್ನು ನಂಬಿಯೇ ಅವನು ಗ್ಯಾರೇಜಿಗೆ ಹೊಸ ತಗಡು ಹೊದಿಸಿದ್ದ. ಹದಿನೈದು ದಿನದಲ್ಲಿ ಆರೂ ಬೇರೆ ದಾರಿ ಹಿಡಿದವು.

ಒಂದು ಭಾನುವಾರ ನಿಂಗಪ್ಪ ಮನೆಗೇ ಬಂದ. ಜಗಳ ತೆಗೆಯಲಿಲ್ಲ. ಗಿರಿಜಾ ಕೊಟ್ಟ ನೀರು ಕುಡಿದು ತಂಬಿಗೆ ಕೆಳಗಿಟ್ಟ.

“ಕಾಕಾ, ಇಪ್ಪತ್ತು ವರ್ಷ ನಿಮ್ಮ ಎಂಜಿನ್ನಿಗೆ ಕೈ ಹಚ್ಚೇನಿ. ಸುಳ್ಳು ಹೇಳೇನಿ ಅಂದ್ರ ಒಪ್ಪಂಗಿಲ್ಲ. ಒಮ್ಮೆ ನಿಮ್ಮ ಮುಂದನ ಬಿಚ್ಚಿ ನೋಡ್ತೇನಿ.”

ಧಾರಾಳವಾಗಿ ಬಿಚ್ಚು ಅಂದೆ. ಅಷ್ಟಕ್ಕೇ ಸುಮ್ಮನಿರದೆ ಮಾಸ್ತರರನ್ನೂ ಅಕ್ಕಪಕ್ಕದ ನಾಲ್ವರನ್ನೂ ಸಾಕ್ಷಿಗೆ ಕರೆದೆ. ಅವನ ಸೋಲನ್ನು ಒಬ್ಬನೇ ನೋಡುವುದು ಸ್ವಾರ್ಥವಾಗುತ್ತಿತ್ತು.

ನಿಂಗಪ್ಪ ಕಾರಿನ ಕೆಳಗೆ ಹೋಗಿ ಸೆನ್ಸರ್ ಬಿಚ್ಚಿಕೊಂಡು ಎದ್ದ. ಅಂಗೈಯಲ್ಲಿಟ್ಟು ನೋಡಿದ. ನಾನೂ ಬಗ್ಗಿ ನೋಡಿದೆ. ಮೂರೆಳೆ ವಿಭೂತಿ ಕುಂಬಾರನ ಆವಿಗೆಯಲ್ಲಿ ಬೆಂದಂತೆ ಗಟ್ಟಿಯಾಗಿ ಕೂತಿತ್ತು. ಒಂದು ತೂತೂ ತೆರೆದಿರಲಿಲ್ಲ. ಕುಂಕುಮ ಸುಟ್ಟು ಕರಿ ಬೊಟ್ಟಾಗಿತ್ತು.

ನಿಂಗಪ್ಪ ನನ್ನ ಮುಖ ನೋಡಿದ. ಆಮೇಲೆ ನೆರೆದವರ ಮುಖ ನೋಡಿದ. ಮೆಲ್ಲಗೆ ಮುಷ್ಟಿ ಮುಚ್ಚಿದ.

“ಸಾಮಾನ ಖರಾಬ್ ಬಂದೇತ್ರಿ. ಕಾಕಾರದೇನೂ ತಪ್ಪಿಲ್ಲ.”

ಗಿರಣಿಯ ಕಾಲದಲ್ಲಿ ಮಾಡುತ್ತಿದ್ದುದನ್ನೇ ಮಾಡಿದ. ನಾನು ಬಚಾವಾಗಿದ್ದೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಒಂದು ಕ್ಷಣ ಬಹಳ ಹಾಯೆನಿಸಿತು. ಅಷ್ಟರಲ್ಲಿ ಮಾಸ್ತರರು, ಅಂಥ ಖರಾಬು ಸಾಮಾನು ಹಾಕಿಸು ಎಂದು ಹೇಳಿದವನು ಇವನೇ ಅಲ್ಲವೇ ಎಂದು ಕೇಳಿದರು. ನಿಂಗಪ್ಪ ತಲೆ ತಗ್ಗಿಸಿದ.

ಗಿರಿಜಾ ಬಾಗಿಲಲ್ಲಿ ನಿಂತು ಎಲ್ಲ ನೋಡಿದ್ದಳು. “ನೀವು ಹೇಳ್ತೀರೋ, ನಾ ಹೇಳ್ಲೋ?”

ನಾನೇ ಹೇಳಿದೆ. ನಿಂಗಪ್ಪನ ಮುಷ್ಟಿ ಬಿಡಿಸಿ ಸೆನ್ಸರನ್ನು ಎಲ್ಲರಿಗೂ ತೋರಿಸಿದೆ. ಮಾಸ್ತರರು ಕನ್ನಡಕ ಏರಿಸಿ ಬಹಳ ಹೊತ್ತು ಪರೀಕ್ಷಿಸಿದರು.

“ಇದನ್ನ ನಿಮ್ಮ ಹಣಿ ಅಂತ ತಿಳಿದ್ರೇನು?”

ನಿಂಗಪ್ಪ ಇನ್ನೊಂದು ಹೊಸ ಸೆನ್ಸರ್ ತಂದು, ತುದಿ ಮುಟ್ಟದೆ ಹಾಕಿ, ನಾನು ಹೆಣೆದ ವೈರು ಬಿಡಿಸಿ ಸರಿಯಾಗಿ ಕೂಡಿಸಿ, ಯಂತ್ರ ಜೋಡಿಸಿದ. ದೀಪ ಆರಿತು. ಹೊಗೆ ನಿಂತಿತು. ರೋಗ ಅವನು ಹೇಳಿದ್ದೇ ಆಗಿತ್ತು.

ಆದರೆ ಹೋದ ಹೆಸರು ಅಷ್ಟು ಲಗೂನೆ ಬರುತ್ತದೆಯೇ? ಆರು ಕಾರಿನವರ ಮನೆಗೂ ಹೋಗಿ ತಪ್ಪೊಪ್ಪಿಕೊಂಡೆ. ಆರೂ ಮನೆಯಲ್ಲಿ ಹೊಟ್ಟೆ ಹಿಡಿದು ನಕ್ಕರು. ಆರೂ ಮನೆಯಲ್ಲಿ ಚಹಾ ಕೊಟ್ಟರು. ಗಬ್ಬೂರಿಗೆ ಮಾತ್ರ ಯಾರೂ ಹೋಗಲಿಲ್ಲ. ಮಾಸ್ತರರು ಬಿಡಿಸಿ ಹೇಳಿದರು: “ಹೋಗಬ್ಯಾಡ್ರಿ ಅಂದವ್ರೂ ನೀವ, ಹೋಗ್ರಿ ಅನ್ನಾವ್ರೂ ನೀವ. ಮುಂದಿನ ವಾರ ಏನಂತೀರೋ ಯಾರಿಗ್ಗೊತ್ತು?” ನನ್ನ ಮಾತಿಗೆ ಹೆಸರು ಕೆಡಿಸುವಷ್ಟು ಬೆಲೆಯಿತ್ತು, ಕಟ್ಟುವಷ್ಟು ಇರಲಿಲ್ಲ.

ನಿಂಗಪ್ಪನಿಗೆ ಹೋಗಿ ಹೇಳಿದೆ. ಮಾತೇ ಬೇಡ, ವಾರಕ್ಕೆ ಎರಡು ದಿನ ಕಾರು ತಂದು ಗ್ಯಾರೇಜಿನ ಮುಂದೆ ನಿಲ್ಲಿಸಿ, ಬೆಂಚಿನ ಮೇಲೆ ಸುಮ್ಮನೆ ಕೂತಿರಿ ಅಂದ. ಹಾಗೆಯೇ ಮಾಡಿದೆ. ದೂರಿದವನೇ ದಿನಗಟ್ಟಲೆ ಅಲ್ಲಿ ಕೂತಿರುವುದನ್ನು ಕಂಡು ಒಂದು ಕಾರು ಮರಳಿತು. ನಾಲ್ಕು ತಿಂಗಳಿಗೆ ಆರೂ ಬಂದವು. ಕೊನೆಗೆ ಬಂದವರು ಮಾಸ್ತರರು.

ಆರೂ ಬಂದ ಮೇಲೂ ನಾನು ಬೆಂಚು ಬಿಡಲಿಲ್ಲ. ನಿಂಗಪ್ಪನೂ ಬಿಡಗೊಡಲಿಲ್ಲ. ಗಾಡಿಗೆ ತಾವೇ ಕೈ ಹಾಕಿ ಕೆಡಿಸಿಕೊಂಡವರು ಮಿಸ್ತ್ರಿಯ ಮುಂದೆ ಎಂದೂ ಒಪ್ಪಿಕೊಳ್ಳುವುದಿಲ್ಲ. ಅಂಥವರನ್ನು ಅವನು ನನ್ನ ಮಗ್ಗುಲಿಗೆ ಕಳಿಸುತ್ತಾನೆ. ನಾನು ನನ್ನ ಕಥೆ ಹೇಳುತ್ತೇನೆ. ಕೇಳುತ್ತ ಕೇಳುತ್ತ ಅವರ ಬಾಯಿ ಸಡಿಲವಾಗುತ್ತದೆ.

ಮೊನ್ನೆ ಒಬ್ಬರು ಬಂದಿದ್ದರು, ಗಾಡಿಯ ಒಂದು ಸ್ಕ್ರೂ ಕೂಡ ಮುಟ್ಟಿಲ್ಲವೆಂದು ಆಣೆ ಹಾಕುತ್ತ. ನಾನು ಮೊಳಕೈ ಸುಟ್ಟುಕೊಂಡ ಭಾಗಕ್ಕೆ ಬರುವಷ್ಟರಲ್ಲಿ, ಪೆಟ್ರೋಲ್ ಟ್ಯಾಂಕಿಗೆ ಸೀಮೆಎಣ್ಣೆ ಸುರಿದದ್ದನ್ನು ಪಿಸುಮಾತಿನಲ್ಲಿ ಒಪ್ಪಿಕೊಂಡರು. ನಿಂಗಪ್ಪನಿಗೆ ಬೇಕಾದದ್ದು ಸಿಕ್ಕಿತು. ಅವರು ಹಗುರಾಗಿ ಎದ್ದು ನಿಂತರು.

ನಾನು ತೋಳು ಹಿಡಿದು ಕೂರಿಸಿದೆ. ವಿಭೂತಿಯ ಭಾಗ ಇನ್ನೂ ಬಂದೇ ಇರಲಿಲ್ಲ!