ಟಿವಿಗೊಂದು ಮಂಟಪ

ಉಪದೇಶ ಮಾಡುವವನು ಒಂದೇ ಊರಿನಲ್ಲಿ ಬಹಳ ವರ್ಷ ಇರಬಾರದು. ಸವದತ್ತಿಯಲ್ಲಿ ಹದಿನೆಂಟು ವರ್ಷ ಗಣಿತ ಕಲಿಸಿದ ನಾನು ಈ ತಪ್ಪು ಮಾಡಿದೆ. ವರ್ಷಕ್ಕೊಮ್ಮೆ ಪಾಲಕರ ಸಭೆಯಲ್ಲಿ ಎದ್ದು ನಿಂತು, "ಹತ್ತನೇ ಇಯತ್ತೆ ಮಕ್ಕಳಿದ್ದ ಮನ್ಯಾಗ ಟಿವಿ ಇರಬಾರದ್ರಿ. ನಮ್ಮ ಮನ್ಯಾಗ ಬಂದ ನೋಡ್ರಿ, ಇಲ್ಲಽ ಇಲ್ಲ!" ಎಂದು ಎದೆ ತಟ್ಟಿಕೊಳ್ಳುತ್ತಿದ್ದೆ. ಇಲ್ಲದಿರುವುದಕ್ಕೆ ಕಾರಣ ತತ್ವವಲ್ಲ, ನನ್ನ ಜುಗ್ಗತನ ಎಂಬುದು ಹೆಂಡತಿ ಶಾಂತಾಗೆ ಮಾತ್ರ ಗೊತ್ತಿತ್ತು.

ಚಪ್ಪಟೆ ಟಿವಿಗಳು ನಮ್ಮ ಕಡೆಗೂ ಬಂದ ಹೊಸತು. ಶಾಂತಾ ಒಂದು ದಿನ, "ನಿಮ್ಮ ಭಾಷಣದ ಸಲುವಾಗಿ ನಾ ಇನ್ನೆಷ್ಟ ವರ್ಷ ಮಂದಿ ಮನ್ಯಾಗ ಕುಂತು ಸೀರಿಯಲ್ ನೋಡ್ಲಿ?" ಎಂದಳು. ಟಿವಿ ಕೊಳ್ಳಲು ಒಪ್ಪಿದೆ. ಬೈಲಹೊಂಗಲಕ್ಕೆ ಹೋದೆವು, ಸವದತ್ತಿಯಲ್ಲಿ ಕೊಂಡರೆ ಡಬ್ಬಿಗಿಂತ ಮೊದಲು ಸುದ್ದಿ ಮನೆ ಮುಟ್ಟುತ್ತದೆ. ಅಂಗಡಿಯಲ್ಲಿ ಅವಳು ಚಿತ್ರ ನೋಡಿದಳು, ನಾನು ದಪ್ಪ ನೋಡಿದೆ. ಬಚ್ಚಿಡಲು ಸುಲಭವಾಗಬೇಕಲ್ಲ. ಟೇಪು ಹಿಡಿದು, "ಮೂವತ್ತೆರಡು ಇಂಚ ಅಂತೀರಿ, ಅಗಲ ಕಡಿಮಿ ಐತಲ್ಲ?" ಎಂದು ತಕರಾರು ತೆಗೆದೆ. ಅಂಗಡಿಯವನು, "ಮೂಲಿಯಿಂದ ಮೂಲಿಗೆ ಅಳೀತಾರ್ರಿ ಸರ" ಎಂದ. ಹಲಗೆಯ ಮೇಲೆ ಸಾವಿರ ಸಲ ಕರ್ಣ ಎಳೆದ ನಾನು ಟೇಪು ಸುತ್ತಿ ಕಿಸೆಗೆ ಹಾಕಿಕೊಂಡೆ.

ಇನ್ನು ಅದನ್ನು ಮುಚ್ಚುವ ಕಪಾಟು. ಊರ ಬಡಿಗರು ಬಾಯಿಬಡುಕರು ಎಂದು ಮುರಗೋಡದ ಕಾಳಪ್ಪನಿಗೆ ಕೆಲಸ ಒಪ್ಪಿಸಿದೆ. ಅವನು ಜೀವಮಾನವಿಡೀ ದೇವರ ಮಂಟಪಗಳನ್ನು ಮಾಡಿದವನು. ಎರಡು ಬಾಗಿಲು ಇರಬೇಕು, ಒಳಗೇನಿದೆ ಎಂದು ತಿಳಿಯಬಾರದು ಎಂದಷ್ಟೇ ಹೇಳಿದ್ದೆ. ಬಂದ ಕಪಾಟಿಗೆ ಕಮಾನಿತ್ತು, ಬಳ್ಳಿಯ ಕೆತ್ತನೆಯಿತ್ತು, ನೆತ್ತಿಯ ಮೇಲೆ ಕಳಸವಿತ್ತು.

"ಇದೇನೋ ಕಾಳಪ್ಪ?"

"ಎರಡ ಬಾಗಲಾ ಅಂದ ಮ್ಯಾಲೆ ಕಳಸ ಇಡಲಿಲ್ಲಂದ್ರ ಕೈ ಏಳೂದಿಲ್ರಿ."

ಕಳಸ ಕೀಳಿಸೋಣವೆಂದರೆ ಶಾಂತಾ ಅಪಶಕುನ ಎಂದಳು.

ಪರೀಕ್ಷೆಗೆ ತಿಂಗಳಿರುವಾಗ ಒಂದು ಸಂಜೆ ಮನೋಳಿಯ ರೈತ ಈರಪ್ಪ ತೆಂಗಿನಕಾಯಿ ಹಿಡಿದು ಬಂದ. ಅವನ ಮಗಳು ನನ್ನ ಶಿಷ್ಯೆ. "ನಿಮ್ಮ ಮಾತ ಕೇಳಿ ಟಿವಿ ಗಾದ್ಯಾಗ ಸುತ್ತಿ ಅಟ್ಟಕ್ಕ ಹಾಕೇನ್ರಿ. ಮನ್ಯಾಕಿ ಮಾತ ಬಿಟ್ಟಾಳ. ಆದ್ರೂ ನಪಾಸ್ ಆಗೂ ಹುಡುಗಿ ಈ ಸಲ ಪೂರ್ವ ಪರೀಕ್ಷಾದಾಗ ಗಣಿತ ಪಾಸಾಗ್ಯಾಳ್ರಿ" ಎಂದ. ಆಮೇಲೆ ಕಪಾಟಿನ ಕಡೆ ತಿರುಗಿ, ರುಮಾಲು ತೆಗೆದು, ಕಾಯಿಯನ್ನು ಅದರ ಮುಂದಿಟ್ಟು ಅಡ್ಡಬಿದ್ದ.

"ಬಾಗಲಾ ತೆಗೀರಿ ಸರ, ದರ್ಶನ ಮಾಡ್ಕೊಂಡ ಹೋಗತೇನಿ."

ಬಾಗಿಲು ತೆರೆದರೆ ಮನೋಳಿಯಲ್ಲಿ ಟಿವಿ ಅಟ್ಟದಿಂದ ಇಳಿಯುತ್ತದೆ, ಹುಡುಗಿಯ ಓದು ಅಟ್ಟಕ್ಕೇರುತ್ತದೆ. "ಈಗ ತೆಗೆಯೂ ಹೊತ್ತಲ್ಲರಿ" ಎಂದೆ.

"ಎಷ್ಟಕ್ಕ ತೆಗೀತೀರಿ?"

ಚಹಾ ತಂದ ಶಾಂತಾ, ಸುಳ್ಳು ಹೇಳುವ ಅಭ್ಯಾಸವಿಲ್ಲದವಳು, "ಏಳಕ್ಕ" ಎಂದಳು.

"ಹಂಗಾರ ಕುಂತಿರತೇನ್ರಿ" ಎಂದು ಈರಪ್ಪ ಚಕ್ಕಳಮಕ್ಕಳ ಹಾಕಿ ಕುಳಿತ.

ಸೀರಿಯಲ್ ಶುರುವಾಗುವ ಏಳಕ್ಕೆ ಹತ್ತು ನಿಮಿಷವಿತ್ತು. ಆ ಹತ್ತು ನಿಮಿಷದಲ್ಲಿ ನಾನು ಬಸ್ಸಿನ ವೇಳೆ, ಮಳೆ, ಬೆಳೆ ಎಲ್ಲ ಮಾತಾಡಿದೆ, ಅವನು ಏಳಲಿಲ್ಲ. ಕೊನೆಗೆ ನಾನೇ ಎದ್ದು ಬಾಗಿಲು ತೆರೆದೆ.

ಈರಪ್ಪ ಬಗ್ಗಿ ಒಳಗಿದ್ದ ಟಿವಿ ನೋಡಿದ. "ನಮ್ಮದೂ ಇದ ದೇವರ್ರಿ ಸರ" ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ನನಗೆ ಹೆಚ್ಚು ನಾಚಿಕೆಯಾಯಿತು. ಆದರೂ ನಾಚಿಕೆಗೆಟ್ಟು, "ಪರೀಕ್ಷಾ ಮುಗಿಯೂತನಕ ನಿಮ್ಮದನ್ನ ಇಳಸಬ್ಯಾಡ್ರಿ" ಎಂದೆ.

"ಇಲ್ರಿ. ನಿಮಗ ಮಾತ ಕೊಟ್ಟೇನಲ್ಲ" ಎಂದು ರುಮಾಲು ಸುತ್ತಿಕೊಂಡ. ಕಾಯಿ ಒಯ್ಯಿರಿ ಎಂದರೆ, ದೇವರಿಗೆ ಇಟ್ಟದ್ದನ್ನು ತಿರುಗಿ ಒಯ್ಯಬಾರದು ಎಂದು ಹೊರಟುಹೋದ.

ಆ ವರ್ಷ ನನ್ನ ಉಪದೇಶ ಉಳಿದದ್ದು ಮನೋಳಿಯ ಒಂದು ಅಟ್ಟದ ಮೇಲೆ ಮಾತ್ರ. ಶಾಂತಾ ಕಾಯಿ ಒಡೆದು ಅರ್ಧ ಹೋಳು ನನಗೂ ಕೊಟ್ಟಳು. ಕಾಯಿ ಸಿಹಿಯಾಗಿತ್ತು. ಸೀರಿಯಲ್ಲೂ ಅಷ್ಟೇನು ಕೆಟ್ಟದ್ದಿರಲಿಲ್ಲ, ಮುಗಿಯುವವರೆಗೆ ನಾನು ಏಳಲಿಲ್ಲ.