ಹೆಣ್ಣುಮರಿಗೆ ನನ್ನ ಗ್ಯಾರಂಟಿ

ಬಾತುಕೋಳಿ ಮರಿ ಮಾರುವವನ ಮರ್ಯಾದೆ ಇರುವುದು ಮರಿಯ ಬಾಲದಡಿಯಲ್ಲಿ. ನಾವುಂದದ ನಮ್ಮ ಹಿತ್ತಲಲ್ಲಿ ಮರಿ ಮಾಡಿಸಲು ಶುರುಮಾಡಿದಂದಿನಿಂದ ನನ್ನದು ಆಗಾಗ ಅಲ್ಲಿಂದ ಜಾರಿ ಬೀಳುತ್ತಲೇ ಇದೆ. ಬಂದವರಿಗೆಲ್ಲ ಮೊಟ್ಟೆ ಬೇಕು, ಅಂದರೆ ಹೆಣ್ಣೇ ಬೇಕು. ನಿನ್ನೆ ಮೊಟ್ಟೆಯೊಡೆದು ಬಂದ ಮರಿಗಳೋ, ಎಲ್ಲವೂ ಒಂದೇ ಥರದ ಹಳದಿ ಉಂಡೆ. ಆದರೂ ಜಂಬಕ್ಕೆ ಗೇಟಿನಲ್ಲಿ ಬೋರ್ಡು ಹಾಕಿಬಿಟ್ಟೆ: "ಹೇಳಿದಂತೆ ಆಗದಿದ್ದರೆ ಬದಲಿಸಿ ಕೊಡಲಾಗುವುದು."

೧. ಉಂಗುರದ ಪರೀಕ್ಷೆ

ಬೋರ್ಡು ಓದಿದ ಪಕ್ಕದ ಮನೆಯ ಅಕ್ಕ ಕೈಯುಂಗುರಕ್ಕೆ ನೂಲು ಕಟ್ಟಿಕೊಂಡು ಬಂದರು. ಮರಿಯ ಮೇಲೆ ಹಿಡಿದಾಗ ಉಂಗುರ ಸುತ್ತು ಹಾಕಿದರೆ ಹೆಣ್ಣು, ಆಚೀಚೆ ತೂಗಿದರೆ ಗಂಡು ಎಂದರು. ಹತ್ತು ಮರಿಗೂ ಸುತ್ತು ಹಾಕಿತು. ನಾನು ಕುಣಿಯುವುದೊಂದು ಬಾಕಿ.

"ಒಂದ್ಸಲ ಇವ್ರ್ ತಲೆ ಮೇಲೂ ಹಿಡಿನಿ ಕಾಂಬ" ಎಂದಳು ನನ್ನ ಹೆಂಡತಿ.

ಅಲ್ಲೂ ಸುತ್ತು ಹಾಕಿತು. ಅಕ್ಕ ನೂಲು ಸುತ್ತಿಕೊಳ್ಳುತ್ತಾ, "ಇದೂ ಹೆಣ್ಣೇ. ಮೊಟ್ಟಿ ಇಟ್ರೆ ನಂಗೂ ಎರಡ್ ಕೊಡಿ" ಎಂದರು.

೨. ಫೋನಿನಲ್ಲಿ ಕೂಗು

ಎರಡು ತಿಂಗಳಾದ ಮೇಲೆ ದನಿಯಲ್ಲಿ ಗೊತ್ತಾಗುತ್ತದೆ. ಹೆಣ್ಣು ಊರಿಗೆಲ್ಲ ಕೇಳುವಂತೆ ಕೂಗುತ್ತದೆ, ಗಂಡಿನದು ಗಂಟಲು ಕಟ್ಟಿದ ದನಿ. ಮರಿ ಒಯ್ದಿದ್ದ ಬ್ರಹ್ಮಾವರದ ಹೋಟೆಲಿನವರೊಬ್ಬರು ಫೋನು ಮಾಡಿ, "ಹ್ವಾಯ್, ಕೇಣಿ, ಯಾವ್ದ್ ಎಂತ ಹೇಳಿ" ಎಂದು ಫೋನನ್ನು ಒಂದೊಂದೇ ಬಾತಿನ ಹತ್ತಿರ ಹಿಡಿದರು. ನಾನು ಕುಂದಾಪುರದ ಬಸ್ಸಿನಲ್ಲಿದ್ದೆ. ಗಲಾಟೆಯಲ್ಲಿ ಕೇಳದೆ ಸ್ಪೀಕರ್ ಹಾಕಿದೆ. ಬಸ್ಸಿಗೆ ಬಸ್ಸೇ ಕಿವಿಗೊಟ್ಟಿತು.

"ಇದು ಹೆಣ್ಣು. ಇದೂ ಹೆಣ್ಣು. ಈಗ ಕೇಳಿದ್ದು ಇದೆಯಲ್ಲ, ಒಡಕು ದನಿ, ಅದು ಗಂಡು. ಇಟ್ಟುಕೊಂಡು ಪ್ರಯೋಜನವಿಲ್ಲ, ಕೊಯ್ದು ಸುಕ್ಕ ಮಾಡಿ."

ಹೋಟೆಲಿನವರು ಮೆಲ್ಲಗೆ ಹೇಳಿದರು: "ಅದ್ ನಮ್ ಹೆಂಡ್ತಿ ಮರಾಯ್ರೆ. ಶೀತ ಆಯ್ತ್. ಚಾ ಕುಡುಕ್ ಕರ್ದದ್."

೩. ಎರಡು ಬುಟ್ಟಿ

ಇನ್ನು ಸರಿಯಾದ ವಿದ್ಯೆಯೇ ಬೇಕೆಂದು ಮೊಬೈಲಿನಲ್ಲಿ ವಿಡಿಯೋ ನೋಡಿ ಕಲಿತೆ. ಒಂದು ದಿನದ ಮರಿಯನ್ನು ಅಂಗಾತ ಹಿಡಿದು, ಬಾಲದಡಿ ಮೆತ್ತಗೆ ಒತ್ತಿ ನೋಡುವುದು. ನೋಡಿ ನೋಡಿ ಗಂಡಿಗೊಂದು, ಹೆಣ್ಣಿಗೊಂದು ಬುಟ್ಟಿ ಮಾಡಿದೆ. ಅಕ್ಕ ಆರು ಗಂಡುಮರಿ ಒಯ್ದರು. ಹೊಸ ಅಳಿಯ ಮೊದಲ ಸಲ ಊಟಕ್ಕೆ ಬರುವ ಹೊತ್ತಿಗೆ ಬೆಳೆದಿರಬೇಕು, ಅತ್ತೆಯ ಮಾನದ ಪ್ರಶ್ನೆ. ಹೆಣ್ಣು ಆರನ್ನು ನಾನೇ ಇಟ್ಟುಕೊಂಡೆ.

ಆ ಫೋನಿನ ಮೇಲೆ ದನಿ ನಂಬುವುದನ್ನೇ ಬಿಟ್ಟಿದ್ದೆ, ಹಾಗೇ ಆರು ತಿಂಗಳು ಕಳೆಯಿತು. ನನ್ನ ಆರೂ ಹೆಣ್ಣುಗಳ ಬಾಲದಲ್ಲಿ ಗರಿ ಸುರುಳಿ ಎದ್ದಿತು, ಅದು ಗಂಡಿನ ಗುರುತು. ಅಷ್ಟರಲ್ಲಿ ಅಕ್ಕ ಬುಟ್ಟಿ ತುಂಬ ಮೊಟ್ಟೆ ಹಿಡಿದು ಬಂದರು. ಅಳು ಬರುವ ಹಾಗಿತ್ತು ಮುಖ.

"ನಿಮ್ ಗಂಡ್ ಮರಿಗಳ್ ದಿನಾ ಮೊಟ್ಟಿ ಇಡ್ತೊ! ಮೊಟ್ಟಿ ಇಡುದನ್ನ್ ಕೊಯ್ಯುಕ್ ಕೈ ಬತ್ತಿಲ್ಲೆ. ನಾಡ್ದ್ ಅಳಿಯ ಬತ್ತ. ಎಂತ ಬಡ್ಸುದ್?"

ನಾಚಿಕೆಯಿಂದ ತಲೆ ತಗ್ಗಿಸಿ, ಬೋರ್ಡಿನ ಪ್ರಕಾರ ಆರಕ್ಕೆ ಆರು ಬದಲಿಸಿದೆ. ಅಳಿಯ ಮೂರು ಸಲ ಬಡಿಸಿಕೊಂಡನಂತೆ. ನಮಗೆ ದಿನಾ ಮೊಟ್ಟೆ. ಇಬ್ಬರಿಗೂ ಖುಷಿಯೋ ಖುಷಿ.

ಆದರೆ ಅಕ್ಕ ಸಿಕ್ಕಿದವರಿಗೆಲ್ಲ ಹೇಳಿದರು: "ಅವ್ರ್ ಹೇಳುದ್ ಪೂರಾ ಉಲ್ಟಾ. ಒಂದೂ ತಪ್ಪುದಿಲ್ಲೆ!" ಬೈಂದೂರಿನಿಂದಲೂ ಜನ ಬರತೊಡಗಿದರು. ಹೆಣ್ಣು ಯಾವುದೆಂದು ಕೇಳುತ್ತಾರೆ. ನಾನು ತೋರಿಸುತ್ತೇನೆ. ಅವರು ಮರ್ಯಾದೆಯಿಂದ ತಲೆಯಾಡಿಸಿ ಇನ್ನೊಂದು ಬುಟ್ಟಿ ಎತ್ತುತ್ತಾರೆ. ಒಂದು ಮರಿಯೂ ವಾಪಸ್ ಬರಲಿಲ್ಲ.

ನನಗೆ ತಡೆಯಲಾಗಲಿಲ್ಲ. ವಿಡಿಯೋವನ್ನು ಮತ್ತೆ ಮತ್ತೆ ನೋಡಿ ತಪ್ಪು ಕಂಡುಹಿಡಿದು, ಯಾರಿಗೂ ಹೇಳದೆ ತಿದ್ದಿಕೊಂಡೆ. ಈಗ ನನ್ನ ಮಾತು ನಿಜವಾಗಿಯೂ ನಿಜ ಎಂದು ನಾಲ್ಕೈದು ತಿಂಗಳು ಎದೆಯುಬ್ಬಿಸಿ ಓಡಾಡಿದೆ. ಮೊನ್ನೆ ಬಿಜೂರಿನವರೊಬ್ಬರು ಗರಿ ಸುರುಳಿ ಎದ್ದ ನಾಲ್ಕನ್ನು ತಂದು ಅಂಗಳಕ್ಕೆ ಬಿಟ್ಟರು.

"ನಿಮ್ಮನ್ನ್ ನಂಬಿ ಕೆಟ್ಟೆ! ನೀವ್ ಗಂಡ್ ಅಂದದ್ದ್ ಗಂಡೇ ಆಯ್ತಲೆ ಮರಾಯ್ರೆ!"